ನರ್ಸುಗಳ ಮನಸ್ಸಿನ ಆರೋಗ್ಯ: ಕೋವಿಡ್ ಕಾಲ ಕಲಿಸಿದ ಪಾಠ

ಪ್ರತಿ ವರ್ಷ ಮೇ 12ರಂದು ಜಗತ್ತಿನಾದ್ಯಂತ ನರ್ಸುಗಳ ದಿನವನ್ನು ಆಚರಿಸಲಾಗುತ್ತದೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಅವರು ಹುಟ್ಟಿ 200 ವರ್ಷ ತುಂಬುವ ಸಂದರ್ಭವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ನೇ ಇಸವಿಯನ್ನು ನರ್ಸುಗಳ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿತ್ತು. ಆದರೆ ಅದೇ ವರ್ಷದ ಮಾರ್ಚ್ 11ರಂದು ಅದೇ ಸಂಸ್ಥೆ ಕೋವಿಡ್-19 ಜಗತ್ತಿಗೆಲ್ಲ ಹರಡಿದ ಮಹಾಮಾರಿ ಎಂದು ಸಾರಬೇಕಾಯಿತು.

ನಮ್ಮ ದೇಶದಲ್ಲಿ ಮಾರ್ಚ್ 22ರ ಸಂಜೆ 5 ಗಂಟೆಗೆ ಜನರು ಮನೆಯ ಜಗಲಿಯಲ್ಲಿ, ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಬಟ್ಟಲು ಬಡಿದರು. ಮೇ 3ರಂದು ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂ ಸುರಿದವು. ಗೌರವ ತೋರಿದ್ದು ಒಳ್ಳೆಯದೇ. ಆದರೆ ಒಳಗೆ ಕೆಲಸ ಮಾಡುತ್ತಿದ್ದವರಿಗೆ ಬೇಕಾಗಿದ್ದದ್ದು ಏನು? ಈ ಪ್ರಶ್ನೆಗೆ ಉತ್ತರ ಕೊಡುವ ಅಧ್ಯಯನಗಳು, ವರದಿಗಳು ಇಂದು ಸಾಕಷ್ಟಿವೆ. ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ನರ್ಸ್ ಇಲ್ಲದ ವಾರ್ಡ್ ಸಿಗುವುದು ಕಷ್ಟ. ಮಂಗಳೂರು, ಉಡುಪಿ, ಬೆಂಗಳೂರು, ಮುಂಬೈ, ಕೊಲ್ಲಿ ರಾಷ್ಟ್ರಗಳು, ಇಂಗ್ಲೆಂಡ್, ಐರ್ಲೆಂಡ್ ಎಂದು ನಮ್ಮ ಮನೆಗಳ ಮಕ್ಕಳು ಈ ವೃತ್ತಿಯಲ್ಲಿ ಹರಡಿಕೊಂಡಿದ್ದಾರೆ. ಆದ್ದರಿಂದ ಈ ವಿಷಯವನ್ನು ಕುಟುಂಬಗಳೂ ಧರ್ಮಕೇಂದ್ರದ ಕಾರ್ಯಕರ್ತರೂ ಸರಿಯಾಗಿ ತಿಳಿದಿರಬೇಕೆಂದು ಈ ಮಾಹಿತಿಯನ್ನು ಒಟ್ಟುಗೂಡಿಸಿದ್ದೇವೆ.

ಮೂರು ಬಗೆಯ ನೋವು

"ಟೆನ್ಶನ್" ಎಂಬ ಒಂದೇ ಪದದಲ್ಲಿ ನಾವು ಎಲ್ಲವನ್ನೂ ಸೇರಿಸಿಬಿಡುತ್ತೇವೆ. ನರ್ಸುಗಳ ವಿಷಯದಲ್ಲಿ ಕನಿಷ್ಠ ಮೂರನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು ಬರ್ನ್‌ಔಟ್, ಅಂದರೆ ಕೆಲಸದಿಂದ ಬಂದ ಬಳಲಿಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬತ್ತಿಹೋದಂತಾಗುವುದು, ಮಾಡುವ ಕೆಲಸದ ಬಗ್ಗೆ ಬೇಸರ ಹುಟ್ಟಿ ಮನಸ್ಸು ದೂರವಾಗುವುದು, ತನ್ನಿಂದ ಏನೂ ಆಗುವುದಿಲ್ಲ ಎನ್ನಿಸುವುದು. ಇದು ರೋಗವಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದೂ ಅದು ಸ್ಪಷ್ಟಪಡಿಸಿತು. ಅಂದರೆ ಮದ್ದು ಬೇಕಾದದ್ದು ಕೆಲಸದ ಜಾಗಕ್ಕೆ.

ಎರಡನೆಯದು ನೈತಿಕ ಸಂಕಟ. ಅಮೆರಿಕದ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನರ್ಸಿಂಗ್ ಕುರಿತು ಬರೆಯುತ್ತಾ ಇದನ್ನು ಗುರುತಿಸಿದರು. ಯಾವುದು ಸರಿ ಎಂದು ಗೊತ್ತಿದ್ದೂ, ಸಂಸ್ಥೆಯ ಕಟ್ಟುಪಾಡುಗಳಿಂದ ಅದನ್ನು ಮಾಡಲಾಗದೆ ಹೋಗುವಾಗ ಆಗುವ ನೋವು ಅದು. ಕೋವಿಡ್ ವಾರ್ಡಿನಲ್ಲಿ ಇದು ದಿನನಿತ್ಯದ ಮಾತಾಗಿತ್ತು. ಸಾಯುತ್ತಿರುವ ತಂದೆಯನ್ನು ನೋಡಲು ಬಾಗಿಲಲ್ಲಿ ನಿಂತ ಮಗನನ್ನು ಹಿಂದಕ್ಕೆ ಕಳುಹಿಸಬೇಕು. ಇಬ್ಬರನ್ನು ನೋಡಿಕೊಳ್ಳಬೇಕಾದ ಐಸಿಯುನಲ್ಲಿ ಐದಾರು ಜನರನ್ನು ನೋಡಿಕೊಳ್ಳಬೇಕು. ನಿಯಮ ಪಾಲಿಸಿದ ನರ್ಸಿನ ತಪ್ಪೇನೂ ಇಲ್ಲ. ಆದರೂ ಆ ಮುಖಗಳು ಮನಸ್ಸಿನಿಂದ ಹೋಗುವುದಿಲ್ಲ.

ಮೂರನೆಯದು ಆಘಾತದ ನಂತರ ಉಳಿಯುವ ಒತ್ತಡ. ಕೆಟ್ಟ ಕನಸು, ಬೆಚ್ಚಿಬೀಳುವುದು, ಮಾನಿಟರ್‌ನ ಸದ್ದು ಕಿವಿಯಲ್ಲೇ ಉಳಿಯುವುದು, ಆ ವಾರ್ಡಿನ ಕಡೆ ಹೋಗಲೂ ಹೆದರುವುದು ಇವೆಲ್ಲ ಇದರ ಗುರುತುಗಳು. ಇದು ಕೆಲವೊಮ್ಮೆ ತಿಂಗಳುಗಳ ನಂತರ ಕಾಣಿಸಿಕೊಳ್ಳುತ್ತದೆ.

ಟೊರೊಂಟೊದಿಂದ ಬಂದ ಎಚ್ಚರಿಕೆ

ಕೋವಿಡ್‌ಗಿಂತ 17 ವರ್ಷ ಮೊದಲೇ ಈ ಪಾಠ ಜಗತ್ತಿಗೆ ಸಿಕ್ಕಿತ್ತು. 2003ರಲ್ಲಿ ಸಾರ್ಸ್ ರೋಗ ಕೆನಡಾದ ಟೊರೊಂಟೊ ನಗರಕ್ಕೆ ಬಂದಾಗ ಅಲ್ಲಿ 44 ಮಂದಿ ಸತ್ತರು. ಅವರಲ್ಲಿ ಇಬ್ಬರು ನರ್ಸುಗಳು, ಒಬ್ಬರು ವೈದ್ಯರು. ಸೋಂಕು ತಗಲಿದವರಲ್ಲಿ ಆಸ್ಪತ್ರೆ ಸಿಬ್ಬಂದಿಯ ಪಾಲು ಬಹಳ ದೊಡ್ಡದಿತ್ತು.

ರೋಗ ಹೋಗಿ ಒಂದರಿಂದ ಎರಡು ವರ್ಷಗಳ ನಂತರ ಸಂಶೋಧಕರು ಆಸ್ಪತ್ರೆ ಸಿಬ್ಬಂದಿಯ 769 ಮಂದಿಯನ್ನು ವಿಚಾರಿಸಿದರು. ಸಾರ್ಸ್ ರೋಗಿಗಳನ್ನು ನೋಡಿಕೊಂಡ ಟೊರೊಂಟೊದ 9 ಆಸ್ಪತ್ರೆಗಳನ್ನು, ಅಂಥ ರೋಗಿಗಳು ಬಾರದ ನೆರೆಯ ಹ್ಯಾಮಿಲ್ಟನ್‌ನ 4 ಆಸ್ಪತ್ರೆಗಳೊಂದಿಗೆ ಹೋಲಿಸಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಬರ್ನ್‌ಔಟ್ ಟೊರೊಂಟೊದಲ್ಲಿ 100ಕ್ಕೆ 30 ಮಂದಿಯಲ್ಲಿ, ಹ್ಯಾಮಿಲ್ಟನ್‌ನಲ್ಲಿ 19 ಮಂದಿಯಲ್ಲಿ ಕಂಡಿತು. ಮಾನಸಿಕ ಯಾತನೆ ಟೊರೊಂಟೊದಲ್ಲಿ ಸುಮಾರು 45, ಹ್ಯಾಮಿಲ್ಟನ್‌ನಲ್ಲಿ 30. ರೋಗಿಗಳ ಸಂಪರ್ಕವನ್ನೋ ಕೆಲಸದ ಗಂಟೆಗಳನ್ನೋ ಕಡಿಮೆ ಮಾಡಿಕೊಂಡವರ ಪಾಲು ಹ್ಯಾಮಿಲ್ಟನ್‌ಗಿಂತ ಟೊರೊಂಟೊದಲ್ಲಿ ಹೆಚ್ಚಿತ್ತು. ತಮಗೆ ಸರಿಯಾದ ತರಬೇತಿ ಮತ್ತು ಬೆಂಬಲ ಸಿಕ್ಕಿತ್ತು ಎಂದು ಅನ್ನಿಸಿದವರಲ್ಲಿ ಮಾತ್ರ ಈ ತೊಂದರೆ ಕಡಿಮೆಯಿತ್ತು.

ಇನ್ನೊಂದು ಸಂಗತಿಯೂ ಮುಖ್ಯ. 2003ರ ಮೇ ತಿಂಗಳಲ್ಲಿ ರೋಗ ಮುಗಿಯಿತೆಂದು ಎಲ್ಲರೂ ಭಾವಿಸಿದ್ದಾಗ ಟೊರೊಂಟೊದ ಒಂದು ಆಸ್ಪತ್ರೆಯ ನರ್ಸುಗಳು, ಸಾರ್ಸ್ ಮತ್ತೆ ಬಂದಿರಬಹುದೆಂದು ಮೇಲಿನವರಿಗೆ ಹೇಳಿದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಸಾರ್ಸ್‌ನ ಎರಡನೇ ಅಲೆ ಅಲ್ಲಿಂದಲೇ ಎದ್ದಿತು. ನ್ಯಾಯಮೂರ್ತಿ ಆರ್ಚಿ ಕ್ಯಾಂಬೆಲ್ ಅವರ ಆಯೋಗ 2007ರ ಜನವರಿಯಲ್ಲಿ ಹೊರತಂದ ವರದಿಯಲ್ಲಿ ಇದನ್ನು ವಿವರವಾಗಿ ದಾಖಲಿಸಿದೆ. ಪೂರ್ತಿ ಖಚಿತವಾಗುವವರೆಗೆ ಕಾಯದೆ ಸಿಬ್ಬಂದಿಯ ಸುರಕ್ಷತೆಗೆ ಕ್ರಮ ಕೈಗೊಳ್ಳಬೇಕೆಂಬುದು ಆ ವರದಿಯ ಮುಖ್ಯ ಸಲಹೆ. ನರ್ಸುಗಳ ಮಾತನ್ನು ಕೇಳುವುದು ಬರೀ ಸೌಜನ್ಯವಲ್ಲ, ಜೀವ ಉಳಿಸುವ ಕೆಲಸ.

ಚೀನಾದ ಆಸ್ಪತ್ರೆಯಲ್ಲಿ ಆದದ್ದು

ಕೋವಿಡ್ ಆರಂಭವಾದಾಗ ಚೀನಾದಲ್ಲಿ 34 ಆಸ್ಪತ್ರೆಗಳ 1,257 ಮಂದಿ ವೈದ್ಯರು ಮತ್ತು ನರ್ಸುಗಳ ಸಮೀಕ್ಷೆ ನಡೆಯಿತು. 2020ರ ಮಾರ್ಚ್‌ನಲ್ಲಿ ಪ್ರಕಟವಾದ ಆ ವರದಿಯಂತೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು, ಮೂರರಲ್ಲಿ ಒಬ್ಬರಿಗೆ ನಿದ್ರೆ ಬರುತ್ತಿರಲಿಲ್ಲ. ನರ್ಸುಗಳು, ಮಹಿಳೆಯರು, ಊಹಾನ್ ನಗರದವರು ಮತ್ತು ರೋಗಿಗಳ ಬಳಿಯೇ ಇದ್ದವರು ಹೆಚ್ಚು ನೊಂದಿದ್ದರು.

ಇದೇ ಸಮಯದಲ್ಲಿ ಚಾಂಗ್‌ಶಾ ನಗರದ ಸೆಕೆಂಡ್ ಶಿಯಾಂಗ್ಯಾ ಆಸ್ಪತ್ರೆ ತನ್ನ ಸಿಬ್ಬಂದಿಗಾಗಿ ಮನೋವೈದ್ಯರ ತಂಡ, ಸಹಾಯವಾಣಿ, ಗುಂಪು ಚಟುವಟಿಕೆ ಎಲ್ಲವನ್ನೂ ಸಿದ್ಧಪಡಿಸಿತು. ಆದರೆ ಯಾರೂ ಉತ್ಸಾಹದಿಂದ ಮುಂದೆ ಬರಲಿಲ್ಲ. ಕೆಲವು ನರ್ಸುಗಳು ಸಿಡುಕುತ್ತಿದ್ದರು, ಬಳಲಿದ್ದರು, ಆದರೂ ತಮಗೆ ತೊಂದರೆಯಿಲ್ಲ ಎನ್ನುತ್ತಿದ್ದರು. ಆಗ ಆಸ್ಪತ್ರೆಯವರು 30 ಮಂದಿಯನ್ನು ಕೂರಿಸಿ ಕಾರಣ ಕೇಳಿದರು. ಸಿಕ್ಕ ಉತ್ತರ ಸರಳವಾಗಿತ್ತು: ಮನೋವೈದ್ಯರಿಗಿಂತ ಮೊದಲು ನಮಗೆ ಯಾರೂ ಎಬ್ಬಿಸದ ವಿಶ್ರಾಂತಿ ಬೇಕು, ಸಾಕಷ್ಟು ರಕ್ಷಣಾ ಸಾಮಗ್ರಿ ಬೇಕು. ಮನೆಗೆ ಸೋಂಕು ಒಯ್ಯುತ್ತೇವೆಂಬ ಭಯ, ಮನೆಯವರು ಚಿಂತೆ ಮಾಡುತ್ತಾರೆಂಬ ಸಂಕಟ, ಮಾತು ಕೇಳದ ರೋಗಿಗಳನ್ನು ನಿಭಾಯಿಸುವುದು ಹೇಗೆಂಬ ಗೊಂದಲ ಇವೂ ಅವರನ್ನು ಕಾಡುತ್ತಿದ್ದವು.

ಆಸ್ಪತ್ರೆ ತನ್ನ ಯೋಜನೆ ಬದಲಿಸಿತು. ಮನೆಗೆ ಹೋಗದೆ ಉಳಿಯಲು ಜಾಗ, ಊಟ, ದಿನಬಳಕೆಯ ವಸ್ತುಗಳನ್ನು ಕೊಟ್ಟಿತು. ಆಸ್ಪತ್ರೆಯಲ್ಲಿ ತಮ್ಮ ದಿನ ಹೇಗೆ ಕಳೆಯುತ್ತದೆಂದು ವಿಡಿಯೊ ಮಾಡಿ ಮನೆಯವರಿಗೆ ಕಳುಹಿಸಲು ನೆರವಾಯಿತು. ಹೊಂದಿಕೊಳ್ಳದ ರೋಗಿಗಳಿದ್ದಲ್ಲಿ ಭದ್ರತಾ ಸಿಬ್ಬಂದಿ ಸಹಾಯಕ್ಕೆ ಬರುವಂತೆ ಮಾಡಿತು. ಮನೋವೈದ್ಯರು ತಮ್ಮ ಕೋಣೆಯಲ್ಲಿ ಕಾಯುವ ಬದಲು ವಿಶ್ರಾಂತಿ ಕೊಠಡಿಗೇ ಹೋಗಿ ಕುಳಿತು ಕೇಳತೊಡಗಿದರು.

ಕೌನ್ಸೆಲಿಂಗ್ ಅಗತ್ಯ. ಆದರೆ ನಿದ್ರೆ, ಊಟ, ಕಿಟ್, ರಜೆ ಕೊಡದೆ ಕೌನ್ಸೆಲಿಂಗ್ ಮಾತ್ರ ಕೊಟ್ಟರೆ, ದೋಷ ನಿನ್ನ ಮನಸ್ಸಿನಲ್ಲಿದೆ ಎಂದು ನರ್ಸಿಗೆ ಹೇಳಿದಂತಾಗುತ್ತದೆ.

ನಮ್ಮ ದೇಶದಲ್ಲಿ

ಕೇರಳದ ನೆರೆಯವರಾದ ನಮಗೆ ನರ್ಸ್ ಲಿನಿ ಅವರ ನೆನಪಿದೆ. ಕೋಝಿಕ್ಕೋಡ್ ಜಿಲ್ಲೆಯ ಪೆರಾಂಬ್ರ ತಾಲೂಕು ಆಸ್ಪತ್ರೆಯಲ್ಲಿ ನಿಫಾ ರೋಗಿಯ ಶುಶ್ರೂಷೆ ಮಾಡಿದ ಅವರು 2018ರ ಮೇ 21ರಂದು ಅದೇ ರೋಗದಿಂದ ತೀರಿಕೊಂಡರು. ಎರಡು ವರ್ಷದ ನಂತರ ಕೋವಿಡ್ ಬಂದಾಗ ಪ್ರತಿ ನರ್ಸಿನ ಮನೆಯಲ್ಲೂ ಅದೇ ಭಯವಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಜನವರಿಯಿಂದ 2021ರ ಮೇ ವರೆಗೆ ಜಗತ್ತಿನಲ್ಲಿ ಸುಮಾರು 1,15,500 ಆರೋಗ್ಯ ಕಾರ್ಯಕರ್ತರು ಕೋವಿಡ್‌ನಿಂದ ಸತ್ತಿದ್ದಾರೆ.

2020ರ ಏಪ್ರಿಲ್‌ನಲ್ಲಿ ಮುಂಬೈಯ ಖಾಸಗಿ ಆಸ್ಪತ್ರೆಯೊಂದರ ಹತ್ತಾರು ನರ್ಸುಗಳಿಗೆ ಸೋಂಕು ತಗಲಿ ಆ ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಮೇ ತಿಂಗಳಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ 300ಕ್ಕೂ ಹೆಚ್ಚು ನರ್ಸುಗಳು ರಾಜೀನಾಮೆ ಕೊಟ್ಟು ತಮ್ಮ ಊರುಗಳಿಗೆ ಮರಳಿದರು. ಬಹುಮಂದಿ ಮಣಿಪುರದವರು. ರಕ್ಷಣಾ ಸಾಮಗ್ರಿಯ ಕೊರತೆ, ಸಂಬಳದ ತೊಂದರೆ, ನೆರೆಹೊರೆಯವರ ತಾರತಮ್ಯ ಅವರು ಕೊಟ್ಟ ಕಾರಣಗಳು.

ಕರಾವಳಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಜೇಶ್ವರ, ಕಾಸರಗೋಡು ಕಡೆಯಿಂದ ದಿನಾಲೂ ಮಂಗಳೂರಿಗೆ ಕೆಲಸಕ್ಕೆ ಬರುತ್ತಿದ್ದವರ ದಾರಿ ಮುಚ್ಚಿತು. ಕೊಲ್ಲಿ ರಾಷ್ಟ್ರಗಳಲ್ಲಿದ್ದವರ ಸಂಕಟ ಬೇರೆಯೇ. ವಿಮಾನ ನಿಂತುಹೋಗಿ, ಊರಿನಲ್ಲಿ ತಂದೆತಾಯಿ ತೀರಿಕೊಂಡರೂ ಬರಲಾಗದೆ ಮೊಬೈಲಿನಲ್ಲೇ ಮರಣದ ಪೂಜೆ ನೋಡಿದವರಿದ್ದಾರೆ. ಕೊರೊನಾ ಕಾಲದಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದದ್ದು 2020ರ ಮೇ 12ರಂದು. ಅದು ನರ್ಸುಗಳ ದಿನವೇ ಆಗಿತ್ತು.

ಸರ್ಕಾರ ಕೆಲವು ಕ್ರಮಗಳನ್ನು ಕೈಗೊಂಡದ್ದೂ ನಿಜ. 2020ರ ಮಾರ್ಚ್ 30ರಿಂದ ಕೋವಿಡ್ ಕರ್ತವ್ಯದಲ್ಲಿದ್ದ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಯ ವಿಮೆ ಜಾರಿಗೆ ಬಂತು. ಏಪ್ರಿಲ್ 22ರಂದು ಸುಗ್ರೀವಾಜ್ಞೆಯ ಮೂಲಕ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿಯಾಯಿತು. ಸಂಸತ್ತು ಸೆಪ್ಟೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇದರಂತೆ ಸಾಂಕ್ರಾಮಿಕ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಿಂಸೆ ಎಸಗಿದರೆ 3 ತಿಂಗಳಿಂದ 5 ವರ್ಷದವರೆಗೆ ಜೈಲು. ತೀವ್ರ ಗಾಯವಾದರೆ 7 ವರ್ಷದವರೆಗೆ. ಹೊಡೆತ ಮಾತ್ರವಲ್ಲ, ಅವರ ವಾಸಕ್ಕೆ, ಕೆಲಸಕ್ಕೆ ಅಡ್ಡಿಯಾಗುವ ಕಿರುಕುಳವೂ ಹಿಂಸೆಯೇ ಎಂದು ಕಾಯ್ದೆ ಹೇಳುತ್ತದೆ. ಬಾಡಿಗೆ ಮನೆ ಖಾಲಿ ಮಾಡೆಂದು ನರ್ಸಿಗೆ ಹೇಳಿದವರು ಇದನ್ನು ತಿಳಿದಿರಬೇಕಿತ್ತು.

ಆಸ್ಪತ್ರೆಗಳು ಮಾಡಬೇಕಾದದ್ದು

ನಮ್ಮ ಸಭೆಯೂ ಆಸ್ಪತ್ರೆಗಳನ್ನು ನಡೆಸುತ್ತದೆ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ ಸೇವೆಯಿಂದ ಹಿಡಿದು ಹಳ್ಳಿಗಳಲ್ಲಿ ಧರ್ಮಭಗಿನಿಯರು ನಡೆಸುವ ಚಿಕ್ಕ ಆಸ್ಪತ್ರೆಗಳವರೆಗೆ ಈ ಪರಂಪರೆ ದೊಡ್ಡದು. ಆದ್ದರಿಂದ ಕೆಳಗಿನ ಮಾತುಗಳು ಸರ್ಕಾರಕ್ಕೆ, ಖಾಸಗಿಯವರಿಗೆ ಅನ್ವಯಿಸುವಂತೆ ನಮಗೂ ಅನ್ವಯಿಸುತ್ತವೆ.

1. ವಿಶ್ರಾಂತಿ. ಪಿಪಿಇ ಕಿಟ್ ಹಾಕಿದ ಮೇಲೆ ಪಾಳಿ ಮುಗಿಯುವವರೆಗೆ ನೀರು ಕುಡಿಯುವಂತಿಲ್ಲ, ಶೌಚಾಲಯಕ್ಕೆ ಹೋಗುವಂತಿಲ್ಲ. ಮುಟ್ಟಿನ ದಿನಗಳಲ್ಲಿ ಇದು ಇನ್ನೂ ಕಷ್ಟ. ಕಿಟ್ ಹಾಕುವ ಪಾಳಿ ಚಿಕ್ಕದಿರಬೇಕು. ನೈಟ್ ಡ್ಯೂಟಿಯ ನಂತರದ ರಜೆಯನ್ನು ಕಡಿತಗೊಳಿಸಬಾರದು.

2. ಮುಂದಾಗಿ ತಿಳಿಸುವುದು. ಡ್ಯೂಟಿ ಪಟ್ಟಿ, ವಾರ್ಡ್ ಬದಲಾವಣೆ, ಹೊಸ ನಿಯಮ ಯಾವುದೂ ಕೊನೆಯ ಗಳಿಗೆಯಲ್ಲಿ ಗೊತ್ತಾಗಬಾರದು. ಐಸಿಯು ತರಬೇತಿಯಿಲ್ಲದವರನ್ನು ಒಂಟಿಯಾಗಿ ಐಸಿಯುಗೆ ಹಾಕಬಾರದು.

3. ಜೊತೆಗಾರರು. ಇಬ್ಬಿಬ್ಬರನ್ನು ಜೋಡಿ ಮಾಡಿ, ಪಾಳಿಯ ಮೊದಲು ಮತ್ತು ನಂತರ ಒಬ್ಬರನ್ನೊಬ್ಬರು ವಿಚಾರಿಸುವ ಕ್ರಮ. ಅಮೆರಿಕದ ಸೇನೆಯಲ್ಲಿದ್ದ ಈ ಪದ್ಧತಿಯನ್ನು ಮಿನ್ನೆಸೋಟ ವಿಶ್ವವಿದ್ಯಾಲಯದವರು 2020ರಲ್ಲಿ ಆಸ್ಪತ್ರೆಗೆ ಅಳವಡಿಸಿಕೊಂಡರು. ಇದಕ್ಕೆ ಖರ್ಚು ಇಲ್ಲ.

4. ದೂರು ಹೇಳುವ ದಾರಿ. ನರ್ಸಿಂಗ್ ಸೂಪರಿಂಟೆಂಡೆಂಟ್ ವಾರಕ್ಕೊಮ್ಮೆಯಾದರೂ ವಾರ್ಡಿಗೆ ಬಂದು ಕೇಳಬೇಕು. ಮಾತಾಡಿದವರಿಗೆ ಆಮೇಲೆ ಶಿಕ್ಷೆಯಾಗಬಾರದು.

5. ಗುಟ್ಟು ಕಾಪಾಡುವುದು. ಮನೋವೈದ್ಯರ ಬಳಿ ಹೋದ ವಿಷಯ ಫೈಲಿಗೆ ಸೇರುತ್ತದೆ ಎಂಬ ಭಯದಿಂದಲೇ ಅನೇಕರು ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ.

6. ನ್ಯಾಯವಾದ ಸಂಬಳ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಸರ್ಕಾರಿ ನರ್ಸುಗಳಷ್ಟೇ ಸಂಬಳ ಇರಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ಕಲಿಕೆಯ ಸಾಲದ ಕಂತು ಕಟ್ಟಲಾಗದವರಿಗೆ ಮನಃಶಾಂತಿಯ ಉಪನ್ಯಾಸ ಕೊಟ್ಟು ಪ್ರಯೋಜನವಿಲ್ಲ.

"ಇದು ಸೇವೆ, ಇದರಲ್ಲಿ ಲೆಕ್ಕ ನೋಡಬಾರದು" ಎಂಬ ಮಾತು ನಮ್ಮ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಸೇವೆ ಮಾಡುವವರು ತಮಗಾಗಿ ಹಾಗೆ ಹೇಳಿಕೊಳ್ಳಬಹುದು. ಸೇವೆ ಪಡೆಯುವವರು, ಸಂಬಳ ಕೊಡುವವರು ಅದನ್ನು ಹೇಳುವುದು ನ್ಯಾಯವಲ್ಲ.

ಮನೆಯವರು ಮತ್ತು ಧರ್ಮಕೇಂದ್ರ

ಸಂಕಟದಲ್ಲಿರುವವರಿಗೆ ಮೊದಲ ನೆರವು ಕೊಡಲು ಮನೋವೈದ್ಯರೇ ಆಗಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರತಂದ ಮಾರ್ಗದರ್ಶಿ ಮೂರು ಹೆಜ್ಜೆ ಹೇಳುತ್ತದೆ: ಗಮನಿಸುವುದು, ಆಲಿಸುವುದು, ಸರಿಯಾದ ನೆರವಿನೊಂದಿಗೆ ಜೋಡಿಸುವುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ನಡೆದದ್ದೆಲ್ಲವನ್ನೂ ಹೇಳು ಎಂದು ಒತ್ತಾಯಿಸಬಾರದು. ಘಟನೆಯ ಬೆನ್ನಿಗೇ ಎಲ್ಲರನ್ನೂ ಕೂರಿಸಿ ಅನುಭವ ಹೇಳಿಸುವುದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದೆಂದು ತಜ್ಞರು ಕಂಡುಕೊಂಡಿದ್ದಾರೆ. ಹೇಳಲು ಬಂದಾಗ ಕೇಳಬೇಕು, ಸುಮ್ಮನಿದ್ದರೆ ಜೊತೆಗಿರಬೇಕು.

ಮನೆಯಲ್ಲಿ: ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ ಹಗಲಿನಲ್ಲಿ ನಿದ್ರೆ ಮಾಡಲು ಬಿಡಬೇಕು. ಮಲಗಿದ ಸೊಸೆಯನ್ನು ಸೋಮಾರಿ ಎನ್ನುವ ಮಾತು ಕೆಲವು ಮನೆಗಳಲ್ಲಿ ಇನ್ನೂ ಇದೆ. ಅಡುಗೆ, ಮಕ್ಕಳ ಶಾಲೆ, ಹಿರಿಯರ ಔಷಧ ಇವನ್ನು ಗಂಡಸರೂ ಹಂಚಿಕೊಳ್ಳಬೇಕು. ವಿದೇಶದಲ್ಲಿರುವ ಮಗಳು ಫೋನ್ ಮಾಡಿದಾಗ ಹಣದ ಮಾತಿಗೆ ಮೊದಲು ಅವಳ ಊಟ, ನಿದ್ರೆಯ ವಿಚಾರ ಬರಲಿ.

ಧರ್ಮಕೇಂದ್ರದಲ್ಲಿ: ವಾರ್ಡಿನ ಗುರಿಕಾರರು ತಮ್ಮಲ್ಲಿ ಯಾರು ಆಸ್ಪತ್ರೆ ಕೆಲಸದಲ್ಲಿದ್ದಾರೆಂದು ತಿಳಿದಿರಲಿ. ಆದಿತ್ಯವಾರದ ಪೂಜೆಗೆ ಬಾರದಿದ್ದರೆ ಡ್ಯೂಟಿ ಇರಬಹುದೆಂದು ಅರ್ಥ ಮಾಡಿಕೊಳ್ಳಲಿ. ಸಾಂಕ್ರಾಮಿಕ ಬಂದರೆ ಅವರ ಮನೆಗೆ ಸಾಮಾನು, ಔಷಧ ತಲುಪಿಸುವ ಹೊಣೆಯನ್ನು ಯುವಜನರು ವಹಿಸಿಕೊಳ್ಳಬಹುದು. ನವೆಂಬರ್ 2ರಂದು ಮೃತರಿಗಾಗಿ ಪ್ರಾರ್ಥಿಸುವಾಗ, ತಾವು ಕೊನೆಗಾಲದಲ್ಲಿ ನೋಡಿಕೊಂಡ ರೋಗಿಗಳನ್ನೂ ನೆನೆಯಲು ನರ್ಸುಗಳಿಗೆ ಅವಕಾಶವಿರಲಿ. ಕೋವಿಡ್ ಕಾಲದಲ್ಲಿ ಅನೇಕರ ಕೊನೆಯುಸಿರಿನ ಹೊತ್ತಿಗೆ ಬಳಿಯಿದ್ದದ್ದು ಅವರೊಬ್ಬರೇ.

ಗುರುಗಳು, ಧರ್ಮಭಗಿನಿಯರು, ಉಪದೇಶಿಗಳು ತಮ್ಮ ಮಿತಿಯನ್ನೂ ತಿಳಿದಿರಬೇಕು. ಪ್ರಾರ್ಥನೆ ಬಲ ಕೊಡುತ್ತದೆ. ಆದರೆ ಖಿನ್ನತೆಗೆ ಚಿಕಿತ್ಸೆ ಇದೆ, ಅದನ್ನು ಕೊಡುವವರು ವೈದ್ಯರು. ನಂಬಿಕೆ ಕಡಿಮೆಯಾದದ್ದರಿಂದ ಹೀಗಾಯಿತು ಎಂದು ಯಾರಿಗೂ ಹೇಳಬಾರದು.

ವೈದ್ಯರ ನೆರವು ಯಾವಾಗ?

ಎರಡು ವಾರಕ್ಕೂ ಮೀರಿ ನಿದ್ರೆ ಬಾರದಿರುವುದು, ಅಳು ಅಥವಾ ಸಿಟ್ಟು ಹಿಡಿತಕ್ಕೆ ಸಿಗದಿರುವುದು, ಊಟ ಸೇರದಿರುವುದು, ಮದ್ಯ ಅಥವಾ ನಿದ್ರೆ ಮಾತ್ರೆಗಳ ಅಭ್ಯಾಸ, ಕೆಲಸಕ್ಕೆ ಹೊರಡುವಾಗ ಕೈಕಾಲು ನಡುಗುವುದು ಇವುಗಳನ್ನು ಕಡೆಗಣಿಸಬಾರದು. "ಸತ್ತರೆ ಸಾಕು" ಎಂಬ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳದೆ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಚರ್ಚಿನ ಸೂಚನಾ ಫಲಕದಲ್ಲೂ ನರ್ಸುಗಳ ಹಾಸ್ಟೆಲಿನಲ್ಲೂ ಬರೆದು ಹಾಕುವುದು ಒಳ್ಳೆಯದು.

ಕೊನೆಯದಾಗಿ

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ಟೊರೊಂಟೊದ ಅನುಭವ ನೋಡಿದರೆ ನರ್ಸುಗಳ ಮನಸ್ಸಿನಲ್ಲಿ ಅದು ಅದೇ ದಿನ ಮುಗಿಯುವುದಿಲ್ಲ. ಇನ್ನೊಂದು ಸಾಂಕ್ರಾಮಿಕ ಬಾರದೆಂದು ಹೇಳುವವರೂ ಇಲ್ಲ. ಬಂದಾಗ ಅದನ್ನು ಎದುರಿಸಬೇಕಾದವರು ಇವರೇ.

ಆದ್ದರಿಂದ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಮತ್ತು ಆಸ್ಪತ್ರೆಗಳ ಆಡಳಿತದಲ್ಲಿರುವವರು ನರ್ಸುಗಳ ದಿನದಂದು ಶಾಲು ಹೊದಿಸಿ ಹೂಗುಚ್ಛ ಕೊಡುವುದರ ಜೊತೆಗೆ ಅವರನ್ನು ನಾಲ್ಕು ಪ್ರಶ್ನೆ ಕೇಳಲಿ ಎಂದು ನಾವು ವಿನಂತಿಸುತ್ತೇವೆ: ನಿಮಗೆ ಸಾಕಷ್ಟು ನಿದ್ರೆ ಸಿಗುತ್ತಿದೆಯೇ? ನಿಮ್ಮ ವಾರ್ಡಿನಲ್ಲಿ ಸಾಕಷ್ಟು ಜನರಿದ್ದಾರೆಯೇ? ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ? ತೊಂದರೆಯಾದರೆ ಹೆದರದೆ ಹೇಳಲು ಯಾರಿದ್ದಾರೆ? ಬಂದ ಉತ್ತರಗಳನ್ನು ಬರೆದಿಟ್ಟುಕೊಂಡು, ಮುಂದಿನ ಸಭೆಯಲ್ಲಿ ಅವುಗಳಲ್ಲಿ ಒಂದನ್ನಾದರೂ ಸರಿಪಡಿಸಿದರೆ ಅದೇ ಅವರಿಗೆ ಸಲ್ಲುವ ನಿಜವಾದ ಗೌರವ.